ಐದು ತಿಂಗಳ ತಂಗಿ

ಕಚೇರಿಯ ಕಡತದಲ್ಲಿ ನನಗೆ ಅರವತ್ತು ತುಂಬಿದ ದಿನ ನನಗಿನ್ನೂ ಐವತ್ತೆಂಟೂವರೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮೈಕು ಹಿಡಿದು, ವನಜಾ ಮೇಡಂ ಇನ್ನಾದರೂ ಆರಾಮಾಗಿರಲಿ ಎಂದು ಹಾರೈಸಿದಳು. ನನಗೆ ಆರಾಮು ಬೇಕಿರಲಿಲ್ಲ, ಒಂದೂವರೆ ವರ್ಷ ಬೇಕಿತ್ತು. ಸಿಟ್ಟು ಬಂದಿತ್ತು, ಆದರೆ ಶಾಲು ಹೊದ್ದವರು ಸಿಟ್ಟು ಮಾಡಿಕೊಳ್ಳುವ ಪದ್ಧತಿ ಇಲ್ಲವಲ್ಲ, ನಕ್ಕೆ. ಇದನ್ನು ಯಾರಿಗಾದರೂ ಹೇಳಹೋದರೆ ಕೈ ಕೊಡವಿಬಿಡುತ್ತಾರೆ. ನಮ್ಮ ಕಾಲದಲ್ಲಿ ಹುಟ್ಟಿದ ದಿನ ಸುಳ್ಳು ಬರೆಸದ ಮನೆ ಯಾವುದಿತ್ತು, ಅರ್ಧ ಊರು ಜೂನ್ ಒಂದನೇ ತಾರೀಖೇ ಹುಟ್ಟಿದ್ದಲ್ಲವೇ ಎನ್ನುತ್ತಾರೆ. ಇರಬಹುದು. ಆದರೆ ಅವರ ಯಾರ ಸುಳ್ಳೂ ಅವರ ತಾಯಿಯನ್ನು ಎರಡನೇ ಹೆಂಡತಿ ಮಾಡಲಿಲ್ಲ. ನಮ್ಮಪ್ಪನ ಸುಳ್ಳು ಮಾಡಿತು.

ನಮ್ಮ ಮನೆ ಇದ್ದದ್ದು ಹೊಸ ತಿಪ್ಪಸಂದ್ರದಲ್ಲಿ. ಈಗ ಅಲ್ಲಿ ಕಾಲಿಡಲು ಜಾಗವಿಲ್ಲ, ಆಗ ಮನೆಗಳ ನಡುವೆ ಖಾಲಿ ನಿವೇಶನಗಳೇ ಹೆಚ್ಚು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದುಗಡೆ ಹಂಡೆ ಹೂತಿದ್ದ ಬಚ್ಚಲು. ಮನೆಯಲ್ಲಿ ನಾಲ್ಕು ಜನ: ಅಪ್ಪ, ಅಮ್ಮ, ಅಕ್ಕ ಸುಮಿತ್ರ, ನಾನು. ಅಪ್ಪ ವಿಮಾನದ ಕಾರ್ಖಾನೆಯಲ್ಲಿ ಅಳತೆ ನೋಡುವ ಇನ್‌ಸ್ಪೆಕ್ಟರು. ಬೇರೆಯವರು ಮಾಡಿದ ಬಿಡಿಭಾಗವನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಿದ್ದರೂ ವಾಪಸ್ಸು ಕಳಿಸುವುದೇ ಅವರ ಕೆಲಸ. ಆ ಕೆಲಸವನ್ನು ಸಂಜೆ ಸೈಕಲ್ಲಿನ ಮೇಲೆ ಮನೆಗೂ ತರುತ್ತಿದ್ದರು. ಗೋಡೆಯ ಕ್ಯಾಲೆಂಡರು ವಾಲಿದ್ದರೆ ತಪ್ಪು, ಚಪಾತಿ ಒಂದು ಕಡೆ ದಪ್ಪವಾಗಿದ್ದರೆ ತಪ್ಪು, ಲಂಗದ ಮಡಿಕೆ ಎರಡೂ ಕಡೆ ಸಮ ಇಲ್ಲದಿದ್ದರೆ ಬಿಚ್ಚಿ ಮತ್ತೆ ಹೊಲಿಯಬೇಕು. ಅಮ್ಮ ದೋಸೆ ಹುಯ್ಯುವಾಗ ಅವರು ಪಕ್ಕದಲ್ಲಿ ನಿಂತರೆ ಸಾಕು, ದೋಸೆಯ ಅಂಚು ಸೊಟ್ಟಗಾಗುತ್ತಿತ್ತು. ಅಂಥ ಮನುಷ್ಯ ಮಾಡಿದ ತಪ್ಪು ಇದು. ಅದಕ್ಕೇ ನನಗೆ ಇನ್ನೂ ತಡೆಯಲಾಗುವುದಿಲ್ಲ.

ಅಕ್ಕ ನನಗಿಂತ ಸರಿಯಾಗಿ ಇಪ್ಪತ್ತೆರಡು ತಿಂಗಳು ದೊಡ್ಡವಳು. ಅವಳು ಸೆಪ್ಟೆಂಬರಿನಲ್ಲಿ ಹುಟ್ಟಿದರೆ, ನಾನು ಅದರ ಮಾರನೆಯ ವರ್ಷವೂ ಕಳೆದು ಮುಂದಿನ ಜುಲೈಯಲ್ಲಿ. ಇಬ್ಬರೂ ಬೇರೆ ಬೇರೆ ತರಗತಿಯಲ್ಲಿದ್ದರೆ ಎರಡು ಪುಸ್ತಕದ ಕಟ್ಟು, ಎರಡು ಹೊತ್ತಿನ ಓಡಾಟ, ಹೆಣ್ಣುಮಗು ರಸ್ತೆಯಲ್ಲಿ ಒಂಟಿ. ಒಂದೇ ತರಗತಿಯಲ್ಲಿದ್ದರೆ ಎಲ್ಲವೂ ಒಂದೇ. ಅಪ್ಪನಿಗೆ ಇದು ಬಹಳ ಅಚ್ಚುಕಟ್ಟಾಗಿ ಕಂಡಿತು. ಅಕ್ಕನನ್ನು ಒಂದು ವರ್ಷ ತಡವಾಗಿ ಸೇರಿಸುವುದು, ನನ್ನನ್ನು ಬೇಗ ಸೇರಿಸುವುದು, ಮಧ್ಯದಲ್ಲಿ ಇಬ್ಬರನ್ನೂ ಕೂಡಿಸುವುದು. ನಾನಿನ್ನೂ ಐದು ತುಂಬದವಳು, ಒಂದನೇ ತರಗತಿಗೆ ಆರು ತುಂಬಿರಬೇಕಿತ್ತು, ಹಿಂದಿನ ಜೂನಿನಲ್ಲಿ ಅಕ್ಕನಿಗಿದ್ದ ಹಾಗೆ ಎರಡು ಮೂರು ತಿಂಗಳು ಕಮ್ಮಿಯಾದರೆ ನಡೆಯುತ್ತಿತ್ತು. ಆಗ ಜನನ ಪತ್ರ ಕೇಳುವವರಿರಲಿಲ್ಲ, ಕಿವಿ ಮುಟ್ಟಿಸುತ್ತಿದ್ದರು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ವರ್ಷ, ಮುಟ್ಟದಿದ್ದರೆ ಮನೆಗೆ. ನನ್ನ ಕೈ ಕಿವಿಯ ಮೇಲಿನ ಕೂದಲ ತನಕ ಬಂದು ನಿಲ್ಲುತ್ತಿತ್ತು. ಒಂದು ವಾರ ದಿನಾ ಸಂಜೆ ನಡುಮನೆಯಲ್ಲಿ ತಾಲೀಮು. ತಲೆಯನ್ನು ಬಲಕ್ಕೆ ಸ್ವಲ್ಪ ಬಾಗಿಸು, ಭುಜ ಎತ್ತು, ಉಸಿರು ಬಿಗಿಹಿಡಿ. ತೀರ ಬಾಗಿಸಿದರೆ ಗೊತ್ತಾಗುತ್ತದೆ ಎಂದು ಅಪ್ಪ ನನ್ನ ಕತ್ತಿನ ಓರೆಯನ್ನೂ ಎರಡು ಬೆರಳಿನಿಂದ ತಿದ್ದುತ್ತಿದ್ದರು. ಆ ದಿನ ಹೆಡ್‌ಮಾಸ್ಟರ ಎದುರಿಗೆ ಮುಟ್ಟಿಬಿಟ್ಟೆ. ಅವರು ಪೆನ್ನು ತೆಗೆದು ಇಬ್ಬರ ಹುಟ್ಟಿದ ದಿನ ಕೇಳಿದರು. ಕತ್ತಿಗೆ ಅಷ್ಟು ತಯಾರಿ ಮಾಡಿದ್ದ ಅಪ್ಪ ತಾರೀಖಿಗೆ ಮಾಡಿರಲಿಲ್ಲ. ಅಕ್ಕನದು ನಿಜ ಹೇಳಿದರು. ನನಗೆ ಆರು ತುಂಬಿ ಒಂದಷ್ಟು ತಿಂಗಳಾಗಿದೆ ಎಂದು ಕಾಣಲಿ, ಅನುಮಾನ ಬಾರದಿರಲಿ ಎಂದು ಹಿಂದಕ್ಕೆ ಎಣಿಸಿ ಒಂದು ಫೆಬ್ರವರಿ ಹೇಳಿದರು. ಅದು ಅಕ್ಕ ಹುಟ್ಟಿದ ಸೆಪ್ಟೆಂಬರಿನ ಬೆನ್ನಿಗೇ ಬಂದ ಫೆಬ್ರವರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ನಗುತ್ತಾರೆ. ನಮ್ಮಪ್ಪ ಕೂಸು ಹೊಟ್ಟೆಗೆ ಬರುವ ಮುಂಚೆಯೇ ಅದರ ಹುಟ್ಟಿದ ದಿನ ಬರೆಸಿ ಬಂದಿದ್ದರು. ಹೆಡ್‌ಮಾಸ್ಟರೂ ಎರಡು ಸಾಲು ಒಟ್ಟಿಗೆ ನೋಡಲಿಲ್ಲ.

ಅಂದಿನಿಂದ ನನಗೆ ಎರಡು ವಯಸ್ಸು. ಯಾವುದನ್ನು ಯಾವಾಗ ಬಳಸಬೇಕೆಂಬುದು ಮನೆಯವರ ಕೈಯಲ್ಲಿತ್ತು. ಊಟಕ್ಕೆ ಕೂತಾಗ ಅಕ್ಕನಿಗೆ ಒಂದು ಮುದ್ದೆ, ನನಗೆ ಅರ್ಧ, ಏಕೆಂದರೆ ನಾನು ಚಿಕ್ಕವಳು. ನೀರು ಹೊರುವಾಗ ಇಬ್ಬರಿಗೂ ಒಂದೇ ಅಳತೆಯ ಬಿಂದಿಗೆ, ಏಕೆಂದರೆ ಇಬ್ಬರೂ ಒಂದೇ ಕ್ಲಾಸು. ಹಬ್ಬದ ಬಟ್ಟೆ ತರಲು ಶಿವಾಜಿನಗರಕ್ಕೆ ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರು ನನ್ನ ಕಡೆ ನೋಡಿದ ಕೂಡಲೇ ಅಪ್ಪ ನನ್ನ ನಿಜವಾದ ವಯಸ್ಸು ಹೇಳುತ್ತಿದ್ದರು. ಭೂಮಿಯ ಮೇಲೆ ಆ ಒಬ್ಬ ಕಂಡಕ್ಟರನ ಮುಂದೆ ಮಾತ್ರ ನಮ್ಮಪ್ಪ ಸತ್ಯವಂತ. ಇನ್ನು ಆ ಒಂದು ಕಟ್ಟು ಪುಸ್ತಕ. ಅಕ್ಕ ಅದನ್ನು ಮುಂದಿಟ್ಟುಕೊಂಡು ಗೋಡೆಗೊರಗಿ ಕೂರುತ್ತಿದ್ದಳು, ನಾನು ಎದುರಿಗೆ. ಹೀಗಾಗಿ ನಾನು ಕನ್ನಡ ಅಕ್ಷರ ಕಲಿತದ್ದು ತಲೆಕೆಳಗಾಗಿ. ಶಾಲೆಯಲ್ಲಿ ಪುಸ್ತಕ ನೇರವಾಗಿ ಕೈಗೆ ಕೊಟ್ಟರೆ ತೊದಲುತ್ತಿದ್ದೆ, ದಡ್ಡಿ ಎನ್ನಿಸಿಕೊಳ್ಳುತ್ತಿದ್ದೆ. ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದು ನನಗೆ ತಲೆಗೇ ಹೋಗಲಿಲ್ಲ, ಒಂದೂವರೆ ವರ್ಷದ ಮೇಲೆ ಒಂದು ದಿನ ತಾನಾಗಿಯೇ ಹೋಯಿತು. ಆಗ ನನಗೆ ಬುದ್ಧಿ ಬಂತು ಎಂದರು. ಬುದ್ಧಿ ಎಲ್ಲಿಂದಲೂ ಬರಲಿಲ್ಲ, ಅದಕ್ಕೆ ಬೇಕಾದ ವಯಸ್ಸು ಬಂತು ಅಷ್ಟೆ. ಗಿಡದ ಬುಡಕ್ಕೆ ಎಷ್ಟು ನೀರು ಹಾಕಿದರೂ ಕಾಯಿ ಬಿಡುವ ಕಾಲಕ್ಕೇ ಬಿಡುವುದು. ಅದನ್ನು ಮನೆಯಲ್ಲಿ ಒಬ್ಬರೂ ಹೇಳಲಿಲ್ಲ. ನಾನು ನಲವತ್ತು ದಾಟುವವರೆಗೂ ನನ್ನನ್ನು ನಾನು ಮಂದ ಎಂದೇ ನಂಬಿದ್ದೆ.

ಐದನೇ ತರಗತಿಯಲ್ಲಿ ಹೊಸ ಮಿಸ್ಸು ಬಂದರು. ಹಾಜರಿ ಪುಸ್ತಕ ಹೊಸದಾಗಿ ಬರೆಯಲು ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಓದಿ ಹೇಳುತ್ತಿದ್ದರು. ಅಕ್ಕನದು ಓದಿದರು, ನನ್ನದು ಓದಿದರು, ನಿಂತರು. ಬೆರಳಲ್ಲಿ ಎಣಿಸಿದರು.

"ಏನ್ರೇ, ಅಕ್ಕ ತಂಗಿ ಅಂತೀರಾ, ಐದೇ ತಿಂಗಳು ವ್ಯತ್ಯಾಸ ಇದೆ. ನಿಮ್ಮಪ್ಪಂಗೆ ಇಬ್ಬರು ಹೆಂಡ್ತೀರಾ?"

ತಮಾಷೆಗೇ ಕೇಳಿದ್ದಿರಬಹುದು. ನಲವತ್ತು ಮಕ್ಕಳು ನಕ್ಕರು. ಅಕ್ಕ ನೆಲ ನೋಡಿದಳು. ನಾನು ಪೆದ್ದಿ, ಗೊತ್ತಿಲ್ಲ ಮಿಸ್ ಎಂದೆ. ಅದೇ ದೊಡ್ಡ ತಪ್ಪಾಯಿತು. ಇಲ್ಲ ಎನ್ನಬೇಕಾದ ಕಡೆ ಗೊತ್ತಿಲ್ಲ ಎಂದವಳನ್ನು ಊರು ಬಿಡುತ್ತದೆಯೇ? ಸಂಜೆಯೊಳಗೆ ನಾನು ಚಿಕ್ಕಮ್ಮನ ಮಗಳಾಗಿದ್ದೆ. ಮಕ್ಕಳು ಹಾಗೆಂದೇ ಕೂಗುತ್ತಿದ್ದರು. ಅದಕ್ಕಿಂತ ಕೆಟ್ಟದ್ದೆಂದರೆ ನನಗೇ ಅನುಮಾನ ಹತ್ತಿತು. ಅಕ್ಕನ ಮೂಗು ಅಮ್ಮನ ಹಾಗಿತ್ತು, ನನ್ನದು ಇರಲಿಲ್ಲ. ಅರ್ಧ ಮುದ್ದೆ ಯಾಕೆ ಎಂಬುದಕ್ಕೆ ಈಗ ಬೇರೆ ಕಾರಣ ಹೊಳೆಯಿತು. ಅಮ್ಮ ಎಣ್ಣೆ ಒತ್ತುವಾಗ ಅವಳ ಮುಖವನ್ನೇ ದಿಟ್ಟಿಸುತ್ತಿದ್ದೆ. ನಾಲ್ಕು ದಿನ ತಡೆದು ಕೇಳಿಯೇಬಿಟ್ಟೆ, ಅಮ್ಮ, ನೀನು ನನಗೂ ಅಮ್ಮನಾ ಎಂದು. ಅಮ್ಮ ಎಣ್ಣೆಗೈಯಲ್ಲೇ ಒಂದು ಬಿಟ್ಟಳು. ಆಮೇಲೆ ವಿಷಯ ಬಾಯಿ ಬಿಡಿಸಿದಳು, ಆಮೇಲೆ ಬಚ್ಚಲಲ್ಲೇ ಕೂತು ಅತ್ತಳು.

ಅಪ್ಪ ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತಾಗ ಜಗಳ ಶುರುವಾಯಿತು.

"ನನ್ನನ್ನ ಸೀರೆ ಉಟ್ಕೊಂಡು ಬೀದೀಲಿ ಓಡಾಡದ ಹಾಗೆ ಮಾಡಿಟ್ರಲ್ರೀ. ಲಗ್ನ ಆಗಿ ಬಂದೋಳು ನಾನು. ಎರಡನೇ ಹೆಂಡ್ತಿ ಅಂತಾರಲ್ರೀ!"

"ಯಾರೋ ಏನೋ ಅಂದ್ರೆ ನಮ್ಗೇನು? ಸುಮ್ನೆ ಬಡಿಸು."

"ಐದು ತಿಂಗಳಿಗೆ ಮಗು ಹುಟ್ಟುತ್ತೇನ್ರೀ? ಆಪಾಟಿ ಅಳತೆ ನೋಡ್ತೀರಲ್ಲ, ನಿಮ್ಮ ಅಳತೆಗಿಷ್ಟು ಬೆಂಕಿ ಹಾಕ!"

ಅಪ್ಪ ಸಾರಿನಲ್ಲಿ ಅನ್ನ ಕಲೆಸುತ್ತ ಬಹಳ ಹೊತ್ತು ಯೋಚಿಸಿ, ಕೊನೆಗೆ ನಮ್ಮಿಬ್ಬರ ಕಡೆ ತಿರುಗಿ ಹೇಳಿದರು:

"ಇನ್ಮೇಲೆ ಯಾರಾದ್ರೂ ಕೇಳಿದ್ರೆ ಅವಳಿಜವಳಿ ಅನ್ನಿ."

ಐದು ತಿಂಗಳು ತಡವಾಗಿ ಹೊರಬಿದ್ದ ಅವಳಿ! ಇಂಥ ಉಪಾಯ ಹೊಳೆದದ್ದಕ್ಕೆ ಅವರ ಮುಖದಲ್ಲಿ ಸಮಾಧಾನವೂ ಕಂಡಿತು. ಶಾಲೆಗೆ ಹೋಗಿ ಒಂದು ಚೀಟಿ ಬರೆದುಕೊಟ್ಟಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ತಾವೇ ಸುಳ್ಳು ಬರೆಸಿದ್ದೆಂದು ಬರೆಯಬೇಕಿತ್ತು, ಅದು ಅವರ ಕೈಯಿಂದ ಆಗಲಿಲ್ಲ. ನಾವು ಪೆನ್ಸಿಲು ಕಳೆದುಕೊಂಡು ಇಲ್ಲ ಎಂದರೆ ರೂಲುಕೋಲಿನಲ್ಲಿ ಬೀಳುತ್ತಿತ್ತು. ಪಕ್ಕದ ಮನೆ ಜಯಮ್ಮನವರ ಜಗುಲಿಯಲ್ಲಿ ದಿನಾ ಮಧ್ಯಾಹ್ನ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಆ ಜಗುಲಿ ಹತ್ತುವುದನ್ನೇ ಬಿಟ್ಟಳು. ಕುಂಕುಮಕ್ಕೆ ಕರೆದರೆ ತಲೆನೋವು ಎನ್ನುತ್ತಿದ್ದಳು. ಅವಳು ಮಾತಾಡುವ ದನಿಯೇ ಸಣ್ಣದಾಯಿತು. ಗೇಟಿನ ಹತ್ತಿರ ಸೊಪ್ಪಿನವಳ ಜೊತೆ ಚೌಕಾಸಿ ಮಾಡುವಾಗಲೂ ಪಿಸುಗುಡುತ್ತಿದ್ದಳು. ನಮ್ಮ ಮನೆಯಲ್ಲಿ ಒಬ್ಬಳು ಹೆಂಗಸು ಹೀಗೆ ಕುಗ್ಗಿಹೋದಳು, ಅದೂ ನನ್ನ ಹುಟ್ಟಿದ ದಿನದ ದೆಸೆಯಿಂದ.

ಇನ್ನೊಂದು ಅಧ್ವಾನ ಕೇಳಿ. ಎಂಟನೇ ತರಗತಿಯಲ್ಲಿ ಅಕ್ಕ ದೊಡ್ಡವಳಾದಳು. ಆರತಿಗೆ ಬಂದವರೆಲ್ಲ ನನ್ನ ಕಡೆ ನೋಡಿದರು. ಒಂದು ವರ್ಷ ಕಳೆಯಿತು, ನಾನು ಆಗಲಿಲ್ಲ. ಐದೇ ತಿಂಗಳು ಚಿಕ್ಕವಳಂತಲ್ಲ, ಇವಳಿಗೇನು ಬಂತು ಎಂದು ಜಯಮ್ಮ ಕಾಂಪೌಂಡಿನ ಮೇಲಿಂದಲೇ ಕೇಳಿದರು. ಅಮ್ಮ ನನ್ನನ್ನು ಹಲಸೂರಿನ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ವಯಸ್ಸೆಷ್ಟು ಎಂದರು. ಅಮ್ಮ ಬಾಯಿ ತೆರೆದವಳು ಹಾಗೇ ನಿಂತಳು. ಯಾವ ವಯಸ್ಸು ಹೇಳಬೇಕು? ಹೊರಗಿನ ಬೆಂಚಿನ ಮೇಲೆ ನಮ್ಮ ಬೀದಿಯವರೇ ಇಬ್ಬರು ಕೂತಿದ್ದರು, ಬಾಗಿಲು ತೆರೆದಿತ್ತು. ಅವಳು ಶಾಲೆಯ ವಯಸ್ಸು ಹೇಳಿದಳು. ಡಾಕ್ಟರು ನನ್ನ ರೆಪ್ಪೆ ಎಳೆದು ನೋಡಿ, ಬೆಳವಣಿಗೆ ಸಾಲದು ಎಂದು ಕಬ್ಬಿಣದ ಟಾನಿಕ್ಕು ಬರೆದರು. ಆ ಕಪ್ಪು ಕಷಾಯವನ್ನು ಏಳು ತಿಂಗಳು ಕುಡಿದೆ. ಹಲ್ಲು ಕಪ್ಪಾಯಿತು, ಹೊಟ್ಟೆ ಕೆಟ್ಟಿತು. ನನಗಿದ್ದ ಕಾಯಿಲೆಯೆಂದರೆ ಒಂದೂವರೆ ವರ್ಷ ತಡವಾಗಿ ಹುಟ್ಟಿದ್ದು, ಅದಕ್ಕೆ ಟಾನಿಕ್ಕು ಎಲ್ಲಿದೆ? ಅದು ಅಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಬೆಳಗ್ಗೆ ಚಮಚ ಹಿಡಿದು ನಿಲ್ಲುತ್ತಿದ್ದಳು, ಮುಚ್ಚಳ ಮುಚ್ಚುವಾಗ ನನ್ನ ಕಣ್ಣು ತಪ್ಪಿಸುತ್ತಿದ್ದಳು.

ಹತ್ತನೇ ತರಗತಿಗೆ ಬಂದಾಗ ನನಗೆ ನಿಜವಾಗಿ ಹದಿನಾಲ್ಕು. ಪಬ್ಲಿಕ್ ಪರೀಕ್ಷೆಯ ಅರ್ಜಿ ತುಂಬುವ ಕಾಲ. ಹಲಸೂರಿನಲ್ಲಿದ್ದ ನಮ್ಮ ಹೈಸ್ಕೂಲಿನ ಗುಮಾಸ್ತರು ಬಷೀರ್ ಸಾಬ್ ಅಂತ, ಶಿವಾಜಿನಗರದವರು, ಎಲ್ಲ ಮಕ್ಕಳನ್ನೂ ಬೇಟಾ ಎನ್ನುತ್ತಿದ್ದರು. ಅವರು ನಮ್ಮಿಬ್ಬರ ಅರ್ಜಿ ಅಕ್ಕಪಕ್ಕ ಇಟ್ಟು ಕನ್ನಡಕ ಮೇಲೇರಿಸಿ ನನ್ನನ್ನು ಕರೆದರು.

"ನೋಡು ಬೇಟಾ, ಇದು ಏನೋ ಗಲತ್ ಆಗಿದೆ. ನಿಮ್ದು ಅಬ್ಬಾಗೆ ಹೇಳು, ಒಂದು ಲೆಟರ್ ತರ್ಲಿ, ಸರಿ ಮಾಡೋಣ. ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಬಂದ್ಬಿಟ್ರೆ ಮುಗೀತು. ಆಮೇಲೆ ಯಾರು ಬಂದ್ರೂ ತಿದ್ದಕ್ಕಾಗಲ್ಲ."

ಇಷ್ಟು ವರ್ಷದಲ್ಲಿ ಇದನ್ನು ಸರಿಮಾಡಬಹುದು ಎಂದವರು ಅವರೊಬ್ಬರೇ. ಮನೆಗೆ ಬಂದು ಹೇಳಿದೆ. ಅಪ್ಪ ಆಗಲ್ಲ ಎಂದರು. ನಾನು ಕಿರುಚಿದೆ, ನನ್ನ ಹುಟ್ಟಿದ ದಿನ ನನಗೆ ವಾಪಸ್ಸು ಕೊಡಿ ಎಂದು ಅತ್ತೆ. ನನ್ನ ಅಳುವಿಗೆ ಅವರು ಜಗ್ಗುತ್ತಿರಲಿಲ್ಲ. ಆದರೆ ಅಮ್ಮ ಎರಡು ದಿನ ಅವರ ಜೊತೆ ಮಾತು ಬಿಟ್ಟಳು. ತಟ್ಟೆ ಇಡುವಳು, ಬಡಿಸುವಳು, ಒಳಗೆ ಹೋಗುವಳು. ಮೂರನೆಯ ದಿನ ಬೆಳಗ್ಗೆ ಅವಳು ಆಡಿದ್ದು ಒಂದೇ ಮಾತು.

"ಬರ್ಕೊಡ್ರಿ. ನಾನು ಸಾಯೋದ್ರೊಳ್ಗೆ ಒಂದ್ಸಲ ನಾನೊಬ್ಳೇ ಹೆಂಡ್ತಿ ಅಂತ ಎಲ್ಲಾದ್ರೂ ಬರೀಲಿ."

ಅಪ್ಪ ಕೂತು ಬರೆದರು. ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ನಮ್ಮಿಬ್ಬರ ಜೊತೆ ಹಲಸೂರಿಗೆ ಬಂದರು. ಬಷೀರ್ ಸಾಬ್ ಪತ್ರ ಓದಿದರು, ಬೆರಳಲ್ಲಿ ಎಣಿಸಿದರು, ನಾಲಿಗೆ ಕಚ್ಚಿಕೊಂಡರು.

"ಸ್ವಾಮಿ, ಇದು ಇನ್ನೊಂದು ಥರ ಆಯ್ತಲ್ಲ. ನಿಜವಾದ ತಾರೀಖು ಹಾಕಿದ್ರೆ ಹುಡುಗಿಗೆ ವಯಸ್ಸು ಸಾಲಲ್ಲ. ಈ ಸಲ ಪರೀಕ್ಷೆಗೆ ಕೂರ್ಸಲ್ಲ, ಒಂದು ವರ್ಷ ಮನೇಲಿ ಇರ್ಬೇಕಾಗ್ತದೆ."

ಅಪ್ಪ ನನ್ನ ಕಡೆ ತಿರುಗಿದರು. ಆ ಮುಖವನ್ನು ನಾನು ಮರೆತಿಲ್ಲ. ಅಳೆದು ವಾಪಸ್ಸು ಕಳಿಸುವ ಮುಖ ಅಲ್ಲ, ಏನು ಮಾಡಬೇಕೋ ತಿಳಿಯದ ಮುಖ.

"ನೀನೇ ಹೇಳಮ್ಮ. ನೀನೇನು ಈಗ ಚಿಕ್ಕವಳಲ್ಲ."

ಹದಿನಾಲ್ಕು ವರ್ಷ ಅವರೇ ಇಟ್ಟುಕೊಂಡಿದ್ದ ತೀರ್ಮಾನವನ್ನು ಎರಡು ನಿಮಿಷಕ್ಕೆ ನನ್ನ ಕೈಗೆ ಕೊಟ್ಟರು. ನಾನು ಅಕ್ಕನ ಕಡೆ ನೋಡಿದೆ, ಏನಾದರೂ ಹೇಳಲಿ ಎಂದು. ಯಾವಾಗಲೂ ನೆಲ ನೋಡುವ ಸುಮಿತ್ರ ಅವತ್ತು ನೆಟ್ಟಗೆ ನನ್ನನ್ನು ನೋಡಿದಳು.

"ಇರು ಒಂದು ವರ್ಷ. ನಿಂಗೋಸ್ಕರ ನಾನು ಇರ್ಲಿಲ್ವಾ? ಎಲ್ರೂ ಸ್ಲೇಟು ಹಿಡ್ಕೊಂಡು ಹೋಗ್ತಿದ್ರೆ ನಾನು ಗೇಟಲ್ಲಿ ನಿಂತಿದ್ದೆ, ನೀನು ಬೆಳೀಲಿ ಅಂತ."

ಇದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿತ್ತು, ಆದರೆ ಅದು ಅವಳ ನಷ್ಟ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ನನ್ನನ್ನು ಮುಂದಕ್ಕೆ ಎಳೆದರು ಎಂದು ಅಷ್ಟು ವರ್ಷ ಹಲ್ಲು ಕಡಿದವಳಿಗೆ, ಅವಳನ್ನು ಹಿಂದಕ್ಕೆ ಹಿಡಿದದ್ದು ಕಾಣಲಿಲ್ಲ. ಅವಳು ಹೇಳಿದ್ದು ನ್ಯಾಯವಾಗಿತ್ತು. ನಾನು ಇರಬೇಕಿತ್ತು. ಆದರೆ ನನಗೆ ಹೆದರಿಕೆಯಾಯಿತು. ನಮ್ಮ ಬೀದಿಯಲ್ಲಿ ಒಂದು ವರ್ಷಕ್ಕೆಂದು ಮನೆಯಲ್ಲಿ ಕೂತ ಹುಡುಗಿಯರನ್ನು ನೋಡಿದ್ದೆ. ಅವರು ಮತ್ತೆ ಚೀಲ ಹಿಡಿಯಲಿಲ್ಲ, ಹಸೆಮಣೆಗೇ ಎದ್ದದ್ದು. ಅಕ್ಕ ಕಾಲೇಜಿಗೆ ಹೋಗುವಳು, ನಾನು ಅವಳ ಡಬ್ಬಿ ತೊಳೆಯುವೆ. ಬಷೀರ್ ಸಾಬ್ ಹಳೆಯ ತಾರೀಖಿನ ಅರ್ಜಿಯನ್ನೇ ನನ್ನ ಮುಂದೆ ಸರಿಸಿ, ಸಹಿ ಮಾಡುವ ಜಾಗಕ್ಕೆ ಬೆರಳಿಟ್ಟರು. ಸಹಿ ಮಾಡಿದೆ. ಅಪ್ಪ ತಮ್ಮ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಇಲ್ಲಿಯವರೆಗೂ ಅವರನ್ನು ಬೈದಿದ್ದೇನೆ, ಬೈದದ್ದು ತಪ್ಪಲ್ಲ. ಆದರೆ ಅರವತ್ತೆಂದು ನನಗೆ ಶಾಲು ಹೊದಿಸುವಂತೆ ಮಾಡಿದ್ದು ಅವರ ಮಾತಲ್ಲ, ನನ್ನ ಸಹಿ. ಅದನ್ನು ಹದಿನಾಲ್ಕರವಳು ಮಾಡಿದಳೋ, ಹದಿನೈದೂವರೆಯವಳೋ, ಇವತ್ತಿಗೂ ನನಗೆ ತಿಳಿಯದು.

ಮೂವರೂ ಬಸ್ಸು ಹಿಡಿದು ವಾಪಸ್ಸಾದೆವು. ಮನೆಯ ಮುಂದೆ ಅಮ್ಮ ಕಾಯುತ್ತ ನಿಂತಿದ್ದಳು. ಗೇಟು ತೆಗೆಯುವ ಮೊದಲೇ ಕೇಳಿದಳು.

"ಸರಿ ಮಾಡಿಸಿದ್ರಾ?"

ಅಪ್ಪ ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದರು. ಅಕ್ಕ ಅವಳನ್ನು ದಾಟಿಕೊಂಡು ಒಳಗೆ ಹೋದಳು. ಅಮ್ಮ ನನ್ನನ್ನೇ ನೋಡುತ್ತಿದ್ದಳು.

"ಹೂಂ ಅಮ್ಮ, ಆಯ್ತು," ಎಂದೆ.

ಅವಳು ಸೆರಗು ಸರಿ ಮಾಡಿಕೊಂಡು ನೇರ ಜಯಮ್ಮನವರ ಮನೆಗೆ ನಡೆದಳು. ನಾನು ಗೇಟು ಹಿಡಿದುಕೊಂಡೇ ನಿಂತಿದ್ದೆ.

"ರೀ ಜಯಮ್ಮನೋರೇ, ಆ ಸ್ಕೂಲ್ನೋರೇ ತಪ್ಪು ಬರ್ಕೊಂಡಿದ್ರಂತೆ ಕಣ್ರೀ! ನನ್ನ ಚಿಕ್ಕ ಮಗಳು ಹೋಗಿ ಸರಿ ಮಾಡಿಸ್ಕೊಂಡು ಬಂದ್ಳು!"

ಬೀದಿಯ ಆ ತುದಿಗೂ ಕೇಳಿಸುವ ಹಾಗೆ ಹೇಳಿದಳು. ಅಮ್ಮ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಐದು ವರ್ಷದಿಂದ ಕೇಳಿರಲಿಲ್ಲ.